ಪೇಜ್‌ಮೇಕರ್‌ನಲ್ಲಿ ಇರೋದು ‘ಲೀಡಿಂಗಾ’, ‘ಲೆಡಿಂಗಾ’? 22 ವರ್ಷ ತಪ್ಪು ಹೇಳಿಕೊಂಡು ಬಂದೆನಾ?

ತುಮಕೂರು ಡಿಟಿಪಿ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವ ಕೆಲಸ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಪುಸ್ತಕ, ಕರಪತ್ರ, ವರ್ಷಕ್ಕೆ ಒಂದೋ ಎರಡೋ ಕವನ ಸಂಕಲನ. 22 ವರ್ಷದಿಂದ ಇದೇ ಹೊಟ್ಟೆಪಾಡು.

ವಿಷಯ ಏನಂದ್ರೆ, ಹೋದ ವಾರ ಒಂದು ಲಗ್ನಪತ್ರಿಕೆಯಲ್ಲಿ ಎಡವಟ್ಟಾಯಿತು. ‘ಜ್ಯೇಷ್ಠ ಪುತ್ರ’ ಅನ್ನೋ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಹುಡುಗನ ಹೆಸರಿಗೆ ಬಡಿದು ನಿಂತಿತ್ತು. ಹುಡುಗನ ಅಪ್ಪ ಕನ್ನಡಕ ಮೇಲೆತ್ತಿ, ‘ಏನ್ರೀ ಇದು, ನನ್ನ ಮಗನ ತಲೆ ಮೇಲೆ ಠಾವತ್ತು ಕೂರಿಸಿದ್ದೀರ’ ಅಂದರು. ಅಂಗಡಿಗೆ ಹೊಸದಾಗಿ ಸೇರಿರುವ ಹುಡುಗ ಮೌಸ್ ಹಿಡಿದು, ‘ಸರ್, ಲೆಡಿಂಗ್ ಸ್ವಲ್ಪ ಜಾಸ್ತಿ ಮಾಡ್ಲಾ?’ ಅಂದ. ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ಸಾಲು ಸಾಲಿನ ನಡುವಿನ ಜಾಗಕ್ಕೆ ಇರುವ ಹೆಸರು ಅದು.

ಎದುರಿಗೆ ನಾಲ್ಕು ಜನ ಗಿರಾಕಿಗಳು. ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ. ‘ಅದು ಲೆಡಿಂಗ್ ಅಲ್ಲಪ್ಪ, ಲೀಡಿಂಗ್. ಲೀಡರ್, ಲೀಡಿಂಗ್. ಎಲ್ಲಿ ಕಲಿತೆ ನೀನು?’ ಅಂತ ನಕ್ಕೆ. ಅವನು ಏನೂ ಮಾತಾಡಲಿಲ್ಲ. ಸಂಜೆ ಷಟರ್ ಎಳೆಯೋ ಹೊತ್ತಿಗೆ ಮೊಬೈಲ್ ತಂದು ಡಿಕ್ಷನರಿಯಲ್ಲಿ ಸ್ಪೀಕರ್ ಗುರುತು ಒತ್ತಿದ. ಅದರಲ್ಲಿದ್ದ ಹೆಂಗಸು ಸ್ಪಷ್ಟವಾಗಿ ‘ಲೆಡಿಂಗ್’ ಅಂದಳು. ಇನ್ನೊಂದು ಸಲ ಒತ್ತಿದೆ. ಮತ್ತೆ ‘ಲೆಡಿಂಗ್’.

ನನ್ನ ಹತ್ತಿರ ಇಲ್ಲಿಯವರೆಗೆ ಹದಿನೈದು ಹುಡುಗರಾದರೂ ಕೆಲಸ ಕಲಿತು ಹೋಗಿದ್ದಾರೆ. ಅವರಿಗೆಲ್ಲ ನಾನು ಹೇಳಿಕೊಟ್ಟಿದ್ದು ‘ಲೀಡಿಂಗ್’. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಕಾರಣ ಬೇರೆ ಹೇಳಿದ್ದೆ: ‘ಒಂದು ಸಾಲು ಮುಂದಿನ ಸಾಲಿಗೆ ದಾರಿ ತೋರಿಸುತ್ತೆ, ಅದಕ್ಕೇ ಲೀಡಿಂಗ್.’ ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನೇ ಕಟ್ಟಿದ್ದು. ಚೆನ್ನಾಗಿತ್ತು, ಅಲ್ವಾ?

ಇಂಗ್ಲಿಷ್ ತಿಳಿದವರು ದಯವಿಟ್ಟು ಹೇಳಿ. ಎಲ್-ಇ-ಎ-ಡಿ ಅಂತ ಬರೆದಿದ್ದನ್ನು ಯಾವಾಗ ಲೀಡ್ ಅನ್ನಬೇಕು, ಯಾವಾಗ ಲೆಡ್ ಅನ್ನಬೇಕು? ಸಾಲುಗಳ ನಡುವಿನ ಜಾಗಕ್ಕೂ ಈ ಪದಕ್ಕೂ ಏನು ಸಂಬಂಧ?

ರಾಗಿಮುದ್ದೆ

ಎರಡೂ ಸರಿ ಗುರು. ಒಂದು ಬ್ರಿಟಿಷ್, ಇನ್ನೊಂದು ಅಮೆರಿಕನ್. ಶೆಡ್ಯೂಲ್, ಸ್ಕೆಡ್ಯೂಲ್ ಇದ್ದ ಹಾಗೆ. ತಲೆ ಕೆಡಿಸ್ಕೋಬೇಡಿ.

ಇಂಗ್ಲಿಷ್ ಮೇಡಂ

ಮೇಲಿನವರು ಹೇಳಿದ್ದು ಸರಿಯಲ್ಲ. ಶೆಡ್ಯೂಲ್ ಒಂದೇ ಪದ, ದೇಶಕ್ಕೆ ತಕ್ಕಂತೆ ಹೇಳುವ ರೀತಿ ಬೇರೆ. ಇಲ್ಲಿ ಹಾಗಲ್ಲ. ಇಲ್ಲಿರುವುದು ಎರಡು ಬೇರೆ ಬೇರೆ ಪದಗಳು. ಅಕ್ಷರ ಮಾತ್ರ ಒಂದೇ. ಒಂದೇ ಹೆಸರಿನ ಇಬ್ಬರು ಹುಡುಗರು ಒಂದೇ ತರಗತಿಯಲ್ಲಿ ಕೂತ ಹಾಗೆ.

ಮುಂದೆ ನಡೆಯುವುದು, ನಡೆಸುವುದು, ಮುನ್ನಡೆ, ದಾರಿ ತೋರುವುದು: ಇದೆಲ್ಲ ಲೀಡ್. ಲೀಡರ್ ಬಂದಿದ್ದು ಇದರಿಂದ. ಸೀಸ ಅನ್ನುವ ಲೋಹ ಲೆಡ್. ಎರಡೂ ತುಂಬಾ ಹಳೆಯ ಇಂಗ್ಲಿಷ್ ಪದಗಳೇ. ಹಿಂದೆ ಎರಡರ ಸ್ವರವೂ ಉದ್ದವಾಗಿಯೇ ಇತ್ತು. ಕಾಲ ಕಳೆದ ಹಾಗೆ ಲೋಹದ ಪದದ ಸ್ವರ ಗಿಡ್ಡವಾಯಿತು. ಬ್ರೆಡ್, ಹೆಡ್, ಡೆಡ್ ಈ ಪದಗಳಿಗೆ ಆಗಿದ್ದೂ ಅದೇ. ಅವುಗಳಲ್ಲೂ ಇ-ಎ ಇದೆ ನೋಡಿ, ಆದರೆ ಯಾರೂ ‘ಬ್ರೀಡ್ ಜಾಮ್’ ಅನ್ನುವುದಿಲ್ಲ. ನಡೆಸುವ ಪದ ಮಾತ್ರ ಉದ್ದವಾಗಿಯೇ ಉಳಿಯಿತು. ಕಾಗುಣಿತ ಇದ್ದಲ್ಲೇ ಇದೆ, ನಾಲಿಗೆ ಮುಂದೆ ಹೋಗಿದೆ.

ಇನ್ನೊಂದು ಹಳ್ಳ ಇದೆ, ಅದಕ್ಕೆ ಪ್ರತಿ ವರ್ಷ ನನ್ನ ಹತ್ತನೇ ಕ್ಲಾಸಿನ ಮಕ್ಕಳು ಬೀಳುತ್ತಾರೆ. ಲೀಡ್ ಕ್ರಿಯಾಪದದ ಭೂತಕಾಲವನ್ನೂ ಲೆಡ್ ಎಂದೇ ಹೇಳಬೇಕು, ಆದರೆ ಬರೆಯುವುದು ಎಲ್-ಇ-ಡಿ. ಮಕ್ಕಳು ಎಲ್-ಇ-ಎ-ಡಿ ಎಂದು ಬರೆದುಬಿಡುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ರೀಡ್ ಪದಕ್ಕೆ ಭೂತಕಾಲದಲ್ಲಿ ಅಕ್ಷರ ಬದಲಾಗುವುದಿಲ್ಲ, ಹೇಳುವುದು ಮಾತ್ರ ರೆಡ್. ಅದನ್ನು ಕಲಿತ ಮಗು ಇದೂ ಹಾಗೇ ಇರಬೇಕು ಎಂದುಕೊಳ್ಳುತ್ತದೆ. ಮಗುವಿನ ಲೆಕ್ಕ ಸರಿಯಾಗಿದೆ, ಭಾಷೆಯದ್ದೇ ತಪ್ಪು!

ಕನ್ನಡದಲ್ಲಿ ‘ಕರಿ’ ಅಂದರೆ ಆನೆ, ಕಪ್ಪು, ಎಣ್ಣೆಯಲ್ಲಿ ಕರಿಯುವುದು. ಮೂರು ಅರ್ಥ ಇದ್ದರೂ ಓದುವುದು ಒಂದೇ ರೀತಿ. ಹಾಗಾಗಿ ಅರ್ಥ ತಿಳಿಯುವ ಮೊದಲೇ ನಾವು ಗಟ್ಟಿಯಾಗಿ ಓದಬಹುದು. ಇಂಗ್ಲಿಷಿನ ಈ ಪದವನ್ನು ಅರ್ಥ ಗೊತ್ತಾಗದೆ ಬಾಯಿಬಿಟ್ಟು ಓದುವ ಹಾಗೇ ಇಲ್ಲ.

ನಿಮ್ಮ ಅಂಗಡಿಯ ಹುಡುಗ ಹೇಳಿದ್ದು ಸರಿ. ಸಾಲುಗಳ ನಡುವಿನ ಜಾಗ ಲೆಡಿಂಗ್. ಅಲ್ಲಿ ಸೀಸ ಯಾಕೆ ಬಂತು ಎಂಬುದನ್ನು ಅಚ್ಚಿನ ಕೆಲಸ ಮಾಡಿದವರು ಯಾರಾದರೂ ಹೇಳಲಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಹಳೇ ಕಂಪೋಜಿಟರ್

ನಾನು ಹೇಳುತ್ತೇನೆ ಮೇಡಂ. ಬೆರಳು ಕಪ್ಪು ಮಾಡಿಕೊಂಡವನು ನಾನು.

ತುಮಕೂರಿನ ತಮ್ಮಾ, ಬೇಜಾರು ಮಾಡ್ಕೋಬೇಡ. ನಿನ್ನಂಥವರು ‘ಲೀಡಿಂಗ್’ ಅಂದಾಗೆಲ್ಲ ನನ್ನ ಕಿವಿಗೆ ಕಾದ ಸೀಸ ಹೊಯ್ದ ಹಾಗೆ ಆಗುತ್ತೆ. ತಮಾಷೆ ನೋಡು, ಅದು ಇರುವುದೇ ಸೀಸದ ಮಾತು.

ನಾನು 1974ರಲ್ಲಿ ಮೈಸೂರಿನ ಒಂದು ಪ್ರೆಸ್ಸಿಗೆ ಸೇರಿದೆ. ಆಗ ಹದಿನೈದು ವರ್ಷ. ಎದುರಿಗೆ ಮರದ ಕೇಸು, ಅದರ ತುಂಬ ಸಣ್ಣ ಸಣ್ಣ ಖಾನೆ, ಖಾನೆ ತುಂಬ ಮೊಳೆ, ಅಂದರೆ ಒಂದೊಂದು ಅಕ್ಷರದ ಲೋಹದ ಅಚ್ಚು. ಎಡಗೈಯಲ್ಲಿ ಸ್ಟಿಕ್ (ಮೊಳೆ ಕೂರಿಸುವ ಸಣ್ಣ ತಟ್ಟೆ) ಹಿಡಿದು ಬಲಗೈಯಲ್ಲಿ ಒಂದೊಂದೇ ಮೊಳೆ ಹೆಕ್ಕಿ ಜೋಡಿಸಬೇಕು. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ. ಮೊಳೆಯನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಎಡದಿಂದ ಬಲಕ್ಕೆ ಓದುತ್ತಾ ಹೋಗುವುದು. ಇವತ್ತಿಗೂ ನಾನು ಪೇಪರನ್ನು ತಲೆಕೆಳಗೆ ಹಿಡಿದು ಓದುತ್ತೇನೆ, ಮೊಮ್ಮಕ್ಕಳಿಗೆ ಅದೊಂದು ಆಟ.

ಆ ಮೊಳೆ ಮಾಡುತ್ತಿದ್ದದ್ದು ಸೀಸದಿಂದ. ಬರೀ ಸೀಸ ಮೆತ್ತಗೆ, ನಾಲ್ಕು ಸಲ ಒತ್ತಿದರೆ ಅಕ್ಷರದ ಮೂತಿ ಚಪ್ಪಟೆಯಾಗುತ್ತೆ. ಅದಕ್ಕೇ ತವರ, ಆಂಟಿಮನಿ ಬೆರೆಸುತ್ತಿದ್ದರು. ಆಂಟಿಮನಿಯಿಂದ ಗಡಸು ಬರುತ್ತೆ, ಅಚ್ಚಿನಲ್ಲಿ ತಣ್ಣಗಾಗುವಾಗ ಕುಗ್ಗುವುದೂ ಕಮ್ಮಿ, ಅಂಚು ಚೂಪಾಗಿ ಬರುತ್ತೆ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಒಂದು ಸಾಲು ಮುಗಿಯಿತು ಅಂತಿಟ್ಕೋ. ಅದರ ಕೆಳಗೆ ಅದೇ ಉದ್ದದ ತೆಳ್ಳಗಿನ ಸೀಸದ ಪಟ್ಟಿ ಇಡಬೇಕು, ಆಮೇಲೆ ಮುಂದಿನ ಸಾಲು. ಆ ಪಟ್ಟಿಯೇ ಲೆಡ್. ನಮ್ಮ ಬಾಯಲ್ಲಿ ‘ಲೆಡ್ಡು’. ಮೊಳೆಗಿಂತ ಅದರ ಎತ್ತರ ಕಮ್ಮಿ, ಹಾಗಾಗಿ ಶಾಯಿ ರೋಲರ್ ಅದನ್ನು ಮುಟ್ಟುವುದಿಲ್ಲ. ಕಾಗದದ ಮೇಲೆ ಆ ಜಾಗ ಬೆಳ್ಳಗೆ ಉಳಿಯುತ್ತೆ. ನೀನು ಕೀಬೋರ್ಡಿನಲ್ಲಿ ಕೂಡಿಸಿ ಕಳೆಯುವ ಆ ಬಿಳಿ ಜಾಗ ನಮ್ಮ ಕೈಯಲ್ಲಿ ತೂಕ ಇದ್ದ ವಸ್ತು. ಒಂದು ಪುಸ್ತಕದ ಫಾರಂ, ಅಂದರೆ ಮೊಳೆ ಜೋಡಿಸಿ ಕಟ್ಟಿದ ಪುಟಗಳ ಚೌಕಟ್ಟು, ಎತ್ತಿ ಮೆಷಿನ್ನಿಗೆ ಹಾಕಿದವನ ಸೊಂಟಕ್ಕೆ ಗೊತ್ತು ಬಿಳಿ ಜಾಗ ಎಷ್ಟು ಭಾರ ಅಂತ.

ಜಾಸ್ತಿ ಬಳಸುತ್ತಿದ್ದದ್ದು 2 ಪಾಯಿಂಟಿನ ಲೆಡ್ಡು. ಇಂಚಿಗೆ ಸುಮಾರು 72 ಪಾಯಿಂಟು, ಅಂದರೆ 2 ಪಾಯಿಂಟು ಮುಕ್ಕಾಲು ಮಿಲಿಮೀಟರಿಗೂ ಸ್ವಲ್ಪ ಕಮ್ಮಿ. 10 ಪಾಯಿಂಟಿನ ಮೊಳೆಗೆ 2 ಪಾಯಿಂಟಿನ ಲೆಡ್ಡು ಸೇರಿಸಿದರೆ 12. ನಿನ್ನ ಪೇಜ್‌ಮೇಕರ್ ತೆರೆದು 10 ಪಾಯಿಂಟ್ ಅಕ್ಷರ ಹಾಕು, ಲೆಡಿಂಗ್ ‘ಆಟೋ’ದಲ್ಲಿ ಬಿಡು. ಎಷ್ಟು ತೋರಿಸುತ್ತೆ? 12. ಅಕ್ಷರದ 120 ಪರ್ಸೆಂಟ್ ಅಂತ ಅವರ ಲೆಕ್ಕ. ನಮ್ಮ ಹಳೇ ಲೆಡ್ಡು ಅಲ್ಲೇ ಮಲಗಿದೆ. ವ್ಯತ್ಯಾಸ ಒಂದೇ: ನಮಗೆ ಲೆಡ್ಡು ಅಂದರೆ ನಡುವಿನ ಆ 2 ಮಾತ್ರ. ನಿಮ್ಮ ಕಂಪ್ಯೂಟರ್‌ಗೆ ಲೆಡಿಂಗ್ ಅಂದರೆ ಒಂದು ಸಾಲಿನ ಪಾದದಿಂದ ಮುಂದಿನ ಸಾಲಿನ ಪಾದದವರೆಗೆ, ಪೂರಾ 12.

ಆ 120 ಪರ್ಸೆಂಟ್ ಇಂಗ್ಲಿಷಿಗೆ ಸಾಕು. ಇಂಗ್ಲಿಷಿನಲ್ಲಿ ಕೆಳಗೆ ಇಳಿಯುವುದು ಜಿ, ಪಿ, ವೈ ಥರದ ಕೆಲವು ಬಾಲ ಮಾತ್ರ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು. ಕೆಲವು ಸಲ ಒತ್ತಿನ ಪಕ್ಕ ಇನ್ನೊಂದು ಒತ್ತು. ‘ರಾಷ್ಟ್ರ’, ‘ಸ್ತ್ರೀ’ ಬಂದ ಸಾಲಿನ ಕೆಳಗೆ ‘ಕಿ’, ‘ಮಿ’ ಬಂದರೆ ಜಗಳ ಗ್ಯಾರಂಟಿ. ನಿನ್ನ ಜ್ಯೇಷ್ಠ ಪುತ್ರನಿಗೆ ಆಗಿದ್ದು ಅದೇ. ಕನ್ನಡಕ್ಕೆ ಆಟೋ ನಂಬಬೇಡ. ಫಾಂಟ್ ನೋಡಿಕೊಂಡು 140ರ ಆಸುಪಾಸು ಇಡು, ಪ್ರಿಂಟ್ ತೆಗೆದು ಕಣ್ಣಲ್ಲಿ ನೋಡು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನವರು ಅಚ್ಚು ಮಾಡಿದ ಕಿಟೆಲ್ ನಿಘಂಟು ಎಲ್ಲಾದರೂ ಸಿಕ್ಕರೆ ಒಂದು ಪುಟ ನೋಡು. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಸಾಲಿನಲ್ಲಿ. ಕೈಯಲ್ಲಿ ಮೊಳೆ ಜೋಡಿಸಿದವನಿಗೆ ಮಾತ್ರ ಗೊತ್ತಾಗುತ್ತೆ ಅದೆಂಥ ಕೆಲಸ ಅಂತ.

ಕವಿಗಳು ಬಂದರೆ ನಮ್ಮ ಯಜಮಾನರಿಗೆ ಖುಷಿ. ಕಡಿಮೆ ಮೊಳೆ, ಜಾಸ್ತಿ ಲೆಡ್ಡು. 40 ಪುಟಕ್ಕೆ ಸಾಲದ ಕವನವನ್ನು 64 ಪುಟ ಮಾಡಿಕೊಟ್ಟಿದ್ದೇವೆ. ಲೆಡ್ಡು ಸಾಲದೆ ಬಂದರೆ ರಟ್ಟು ಕತ್ತರಿಸಿ ತುರುಕುವುದೂ ಇತ್ತು.

ತುಮಕೂರು ಡಿಟಿಪಿ

ಯಜಮಾನರೇ, ಕಾಲಿಗೆ ಬಿದ್ದೆ. ಈಗಲೇ ನೋಡಿದೆ, 10ಕ್ಕೆ 12 ಅಂತಲೇ ತೋರಿಸ್ತಾ ಇದೆ. 22 ವರ್ಷದಿಂದ ಆ ಅಂಕಿ ಕಣ್ಣ ಮುಂದೆ ಇತ್ತು, ಯಾಕೆ 12 ಅಂತ ಒಂದು ದಿನವೂ ಕೇಳಲಿಲ್ಲ.

ಇನ್ನೊಂದು ನೆನಪಾಯಿತು. ನಾನು ಹೊಸದಾಗಿ ಸ್ಕೂಟರ್ ಓಡಿಸುವಾಗ ಬಂಕಿನಲ್ಲಿ ‘ಅನ್‌ಲೀಡೆಡ್ ಪೆಟ್ರೋಲ್’ ಅಂತ ಬೋರ್ಡ್ ಇರ್ತಿತ್ತು. ಅಂದರೆ ಯಾರೂ ಲೀಡ್ ಮಾಡದ ಪೆಟ್ರೋಲ್ ಅಂತ ಅಲ್ಲ, ಸೀಸ ಇಲ್ಲದ್ದು, ಅನ್‌ಲೆಡೆಡ್. ಸರಿನಾ?

ಹಾಗಾದರೆ ಪೆನ್ಸಿಲ್ ಒಳಗಿನ ಲೆಡ್? ಅದೂ ಸೀಸವಾ? ಮಕ್ಕಳು ಕಚ್ಚುತ್ತಾ ಇರ್ತಾರಲ್ಲ.

ಇಂಗ್ಲಿಷ್ ಮೇಡಂ

ಪೆಟ್ರೋಲ್ ವಿಷಯ ಸರಿ. ಎಂಜಿನ್ ಕುಟ್ಟಬಾರದು ಅಂತ ಪೆಟ್ರೋಲಿಗೆ ಸೀಸದ ಸಂಯುಕ್ತ ಸೇರಿಸುತ್ತಿದ್ದರು. ಹೊಗೆಯಲ್ಲಿ ಸೀಸ ಬಂದು ಜನರ ಮೈ ಸೇರುತ್ತೆ ಅಂತ ಬಿಟ್ಟರು. ನಮ್ಮ ದೇಶದಲ್ಲಿ 2000ದಲ್ಲಿ ಪೂರ್ತಿ ನಿಂತಿತು. ಈಗ ಎಲ್ಲ ಬಂಕಿನಲ್ಲೂ ಇರುವುದು ಸೀಸ ಇಲ್ಲದ್ದೇ, ಅದಕ್ಕೇ ಬೋರ್ಡೂ ಮಾಯವಾಗಿದೆ.

ಪೆನ್ಸಿಲಿನಲ್ಲಿ ಸೀಸ ಇಲ್ಲ, ಹೆದರಬೇಡಿ. ಅದು ಗ್ರಾಫೈಟ್, ಜೇಡಿಮಣ್ಣಿನ ಜೊತೆ ಕಲಸಿ ಸುಟ್ಟಿದ್ದು. ಹದಿನಾರನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಎಂಬ ಬೆಟ್ಟದ ಕಣಿವೆಯಲ್ಲಿ ಕಪ್ಪಗೆ ಹೊಳೆಯುವ ಗಟ್ಟಿ ಸಿಕ್ಕಿತು. ತಿಕ್ಕಿದರೆ ಗೆರೆ ಮೂಡುತ್ತಿತ್ತು. ಸೀಸವೂ ಗೆರೆ ಮೂಡಿಸುತ್ತೆ. ಇದೂ ಸೀಸದ ಒಂದು ಜಾತಿ ಇರಬೇಕು ಎಂದುಕೊಂಡು ‘ಕಪ್ಪು ಸೀಸ’ ಎಂದು ಕರೆದರು. ಅದು ಇಂಗಾಲದ ರೂಪ ಎಂದು ಷೀಲೆ ಎಂಬ ವಿಜ್ಞಾನಿ ತೋರಿಸಿದ್ದು 1779ರಲ್ಲಿ. ಅಷ್ಟರಲ್ಲಿ ಹೆಸರು ನಾಲಿಗೆಗೆ ಅಂಟಿಬಿಟ್ಟಿತ್ತು. ಇವತ್ತಿಗೂ ಪೆನ್ಸಿಲ್ ಲೆಡ್.

ನಾವು ನಗುವ ಹಾಗಿಲ್ಲ. ನಮ್ಮ ಅಜ್ಜ ಪೆನ್ಸಿಲ್ಲಿಗೆ ‘ಸೀಸದ ಕಡ್ಡಿ’ ಎನ್ನುತ್ತಿದ್ದರು. ಇಂಗ್ಲಿಷರ ತಪ್ಪನ್ನು ಅಚ್ಚುಕಟ್ಟಾಗಿ ಕನ್ನಡಕ್ಕೆ ತಂದುಕೊಂಡಿದ್ದೇವೆ!

ರಾಗಿಮುದ್ದೆ

ಮೇಲೆ ಹೇಳಿದ್ದು ವಾಪಸ್ ತಗೊಂಡೆ ಮೇಡಂ. ಒಂದು ಡೌಟು. ಎಣ್ಣೆ ಸೀಸೆ ಅಂತೀವಲ್ಲ, ಅದೂ ಈ ಸೀಸದಿಂದ ಬಂದಿದ್ದಾ? ಮತ್ತೆ ನಮ್ಮೂರಲ್ಲಿ ಎಲ್ಲರೂ ‘ಲೆಡ್ ಬಲ್ಬ್’ ಅಂತಾರೆ.

ಇಂಗ್ಲಿಷ್ ಮೇಡಂ

ಸೀಸೆ ಬೇರೆ. ಅದು ಪಾರಸಿಯ ‘ಶೀಶಾ’, ಗಾಜು. ಸೀಸ ಸಂಸ್ಕೃತದ್ದು. ಬಲ್ಬಿನದ್ದು ಮೂರು ಅಕ್ಷರದ ಹ್ರಸ್ವ ರೂಪ, ಎಲ್ಇಡಿ ಎಂದು ಬಿಡಿಸಿ ಹೇಳಬೇಕು. ಸೀಸವೂ ಅಲ್ಲ, ಲೀಡರೂ ಅಲ್ಲ.

ಎಕ್ಸ್‌ರೇ ರೂಮು

ನಾನು ಎಕ್ಸ್‌ರೇ ಟೆಕ್ನಿಷಿಯನ್. ಈ ಚರ್ಚೆ ನೋಡಿ ನಗು ಬಂತು, ಯಾಕಂದ್ರೆ ನಮ್ಮ ಕಾರಿಡಾರಿನಲ್ಲಿ ದಿನಾ ಎರಡೂ ಓಡಾಡ್ತವೆ. ನಾನು ಹಾಕಿಕೊಳ್ಳುವುದು ಲೆಡ್ ಏಪ್ರನ್. ಪಕ್ಕದ ರೂಮಿನಲ್ಲಿ ಇಸಿಜಿ, ಅಲ್ಲಿ ‘12 ಲೀಡ್’. ಹೊಸದಾಗಿ ಬಂದ ಟ್ರೈನಿ ಒಬ್ಬಳು ‘ಸರ್, 12 ಲೆಡ್ ಇಸಿಜಿ ಬರೆದಿದ್ದಾರೆ’ ಅಂತ ಚೀಟಿ ಹಿಡಿದು ನನ್ನ ರೂಮಿಗೇ ಬಂದಿದ್ದಳು.

ಇಸಿಜಿಯ ಲೀಡ್‌ನಲ್ಲೂ ಒಂದು ಸ್ವಾರಸ್ಯ ಇದೆ. 12 ಲೀಡ್ ಅಂದ ತಕ್ಷಣ ಜನ 12 ವೈರ್ ಅಂದ್ಕೋತಾರೆ. ಎಣಿಸಿ ನೋಡಿ, ಮೈಗೆ ಅಂಟಿಸುವುದು ಹತ್ತೇ. ಕೈಕಾಲಿಗೆ ನಾಲ್ಕು, ಎದೆಗೆ ಆರು. ಆ ಹತ್ತರಿಂದ ಬೇರೆ ಬೇರೆ ಜೋಡಣೆ ಮಾಡಿ, ಹೃದಯವನ್ನು 12 ದಿಕ್ಕಿನಿಂದ ನೋಡಿದ ಹಾಗೆ 12 ಗೆರೆ ತೆಗೆಯುತ್ತಾರೆ. ಒಂದೊಂದು ನೋಟವೂ ಒಂದು ಲೀಡ್. ಎಲೆಕ್ಟ್ರಿಷಿಯನ್‌ಗಳು ಮೀಟರ್‌ಗೆ ಸಿಕ್ಕಿಸುವ ವೈರಿಗೂ ಲೀಡ್ ಅಂತಾರೆ, ಅಲ್ಲಿ ಮಾತ್ರ ಅದು ವೈರೇ. ಅದೇ ಎಲೆಕ್ಟ್ರಿಷಿಯನ್ ಯುಪಿಎಸ್ ಬ್ಯಾಟರಿ ಹತ್ತಿರ ಹೋದರೆ ಲೆಡ್ ಆಸಿಡ್. ಒಂದೇ ಸ್ಟೂಲ್ ಮೇಲೆ ನಿಂತು ಎರಡು ಉಚ್ಚಾರ.

ಯಜಮಾನರ ಮೊಳೆ ವಿಷಯ ಓದಿ ಖುಷಿಯಾಯಿತು. ನನ್ನ ಹತ್ತಿರವೂ ಸೀಸದ ಅಕ್ಷರ ಇದೆ. ಎರಡೇ ಎರಡು: ಎಲ್ ಮತ್ತು ಆರ್. ಎಡಗೈನಾ ಬಲಗೈನಾ ಅಂತ ಫಿಲಂನಲ್ಲಿ ಬೆಳ್ಳಗೆ ಕಾಣುತ್ತಲ್ಲ, ಅದು. ಸೀಸದ ಮೂಲಕ ಕಿರಣ ದಾಟುವುದಿಲ್ಲ, ಹಾಗಾಗಿ ಅಲ್ಲಿ ಬಿಳಿ ಉಳಿಯುತ್ತೆ.

ಹಳೇ ಕಂಪೋಜಿಟರ್

ಭಲೇ! ನಿಮ್ಮಲ್ಲೂ ಸೀಸ ಇದ್ದ ಕಡೆ ಬಿಳಿ.

ರಾತ್ರಿಪಾಳಿ

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೇನೆ. ನಮ್ಮಲ್ಲಿ ದಿನಾ ರಾತ್ರಿ ಕೇಳುವ ಮಾತು ‘ಲೀಡ್ ಯಾವುದು, ಸೆಕೆಂಡ್ ಲೀಡ್ ಯಾವುದು’. ಮುಖಪುಟದ ದೊಡ್ಡ ಸುದ್ದಿ ಲೀಡ್. ಮತ ಎಣಿಕೆ ದಿನ ಮಾತ್ರ ಇನ್ನೊಂದು ಲೀಡ್ ಬಂದು ಸೇರಿಕೊಳ್ಳುತ್ತೆ. ‘ಲೀಡ್ ಎಷ್ಟು?’ ಅಂತ ಒಬ್ಬ ಕೂಗಿದರೆ ವರದಿಗಾರ ಮುನ್ನಡೆಯ ಮತ ಹೇಳ್ತಾನೆ, ಪೇಜ್ ಮಾಡುವವನು ಕಾಲಂ ಅಳತೆ ಹೇಳ್ತಾನೆ.

ಅಮೆರಿಕದ ಪತ್ರಕರ್ತರು ಸುದ್ದಿಯ ಮೊದಲ ಪ್ಯಾರಾಕ್ಕೆ ಎಲ್-ಇ-ಡಿ-ಇ ಅಂತ ಬರೆಯುತ್ತಾರೆ, ಹೇಳುವುದು ಲೀಡ್. ಅಚ್ಚುಮನೆಯ ಸೀಸದ ಜೊತೆ ಗೊಂದಲ ಆಗಬಾರದು ಅಂತ ಹಾಗೆ ಮಾಡಿಕೊಂಡರು ಅನ್ನೋ ಮಾತಿದೆ. ಕನ್ನಡದಲ್ಲಿ ಆ ಕಷ್ಟ ಇಲ್ಲ, ಲೀ ಬೇರೆ ಲೆ ಬೇರೆ.

ತುಮಕೂರು ಡಿಟಿಪಿ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಒಂದು ಕೆಲಸ ಮಾಡಿದೆ, ಅದನ್ನು ಹೇಳದೆ ಇರಕ್ಕಾಗಲ್ಲ.

ಈ ಅಂಗಡಿ ನಾನು ತಗೊಳ್ಳುವಾಗ ಇಲ್ಲಿ ಕಾಲಲ್ಲಿ ತುಳಿದು ಅಚ್ಚು ಮಾಡುವ ಹಳೇ ಟ್ರೆಡಲ್ ಪ್ರೆಸ್ ಇತ್ತು. ಮೆಷಿನ್ ಗುಜರಿಗೆ ಹೋಯಿತು. ಟೇಬಲ್ಲಿನ ಕೆಳಗಿನ ಡ್ರಾಯರಿನಲ್ಲಿ ಒಂದು ಬೂದುಬಣ್ಣದ ಪಟ್ಟಿ ಉಳಿದಿತ್ತು. ಗೇಣುದ್ದ ಕೂಡ ಇಲ್ಲ. ಕಾರ್ಡಿನ ಮೇಲೆ ಅಂಟು ಸವರಲಿಕ್ಕೆ ಇಷ್ಟು ವರ್ಷ ಅದನ್ನೇ ಬಳಸ್ತಾ ಇದ್ದೆ. ಸ್ವಲ್ಪ ಸೊಟ್ಟಗಾಗಿದೆ, ಒಂದು ತುದಿಯಲ್ಲಿ ಫೆವಿಕಾಲ್ ಗಟ್ಟಿಯಾಗಿ ಕೂತಿದೆ. ಯಜಮಾನರು ಬರೆದಿದ್ದು ಓದಿದ ಮೇಲೆ ಡ್ರಾಯರ್ ಎಳೆದು ತೆಗೆದೆ. ಅಂಟು ಕೆರೆದೆ. ಒಳಗೆ ಹೊಳೆಯಿತು. ನೋಡಲಿಕ್ಕೆ ಕಡ್ಡಿಯಷ್ಟು, ಕೈಯಲ್ಲಿ ಹಿಡಿದರೆ ಭಾರ. ಸ್ಕೇಲ್ ಇಟ್ಟು ದಪ್ಪ ನೋಡಿದೆ. ಒಂದು ಮಿಲಿಮೀಟರ್ ಇಲ್ಲ.

ಮೇಡಂ ಹೇಳಿದ್ದು ನೆನಪಾಗಿ ಒಂದು ಬಿಳಿ ಹಾಳೆ ಮೇಲೆ ಮೂಲೆ ಒತ್ತಿ ಎಳೆದೆ. ಮಸುಕಾಗಿ ಗೆರೆ ಬಂತು. ಪೆನ್ಸಿಲಿನ ಥರಾನೇ, ಸ್ವಲ್ಪ ತೆಳು.

ಹುಡುಗನನ್ನು ಕರೆದು ಪಟ್ಟಿ ಅವನ ಕೈಗೆ ಕೊಟ್ಟೆ. ‘ಏನ್ ಸರ್ ಇದು?’ ಅಂದ. ‘ನೀನು ಹೇಳಿದ ಲೆಡಿಂಗು’ ಅಂದೆ. ಗಿರಾಕಿಗಳು ಇದ್ದರು. ಇರಲಿ ಅಂತಲೇ ಗಟ್ಟಿಯಾಗಿ ಹೇಳಿದೆ.

ಎಕ್ಸ್‌ರೇ ರೂಮು

ಸರ್, ಎಲ್ಲ ಸರಿ. ಅದನ್ನು ಕೆರೆದ ಪುಡಿ ಒರೆಸಿ ಹಾಕಿ, ಕೈಯನ್ನು ಸೋಪಿನಲ್ಲಿ ತೊಳೆದುಕೊಂಡು ಆಮೇಲೆ ಕಾಫಿ ಕುಡೀರಿ. ಹುಡುಗನಿಗೂ ಹೇಳಿ.

ಹಳೇ ಕಂಪೋಜಿಟರ್

ಅವರು ಹೇಳಿದ್ದು ನೂರಕ್ಕೆ ನೂರು. ನಮ್ಮಮ್ಮ ನಾನು ಸೀಗೆಪುಡಿ ಹಾಕಿ ಉಜ್ಜದೆ ತಟ್ಟೆ ಮುಂದೆ ಕೂರಲು ಬಿಡುತ್ತಿರಲಿಲ್ಲ. ತಮ್ಮಾ, ಆ ಪಟ್ಟಿ ಒಂದೇ ಇರೋದಾ? ಮಾರುವುದಾದರೆ ನನಗೆ ಹೇಳು.

ತುಮಕೂರು ಡಿಟಿಪಿ

ತೊಳೆದುಕೊಂಡೆ ಸರ್, ಅವನ ಕೈಯನ್ನೂ ತೊಳೆಸಿದೆ. ಯಜಮಾನರೇ, ಮಾರಲ್ಲ. ಅಂಟು ಸವರಲಿಕ್ಕೆ ಹಳೇ ಎಟಿಎಂ ಕಾರ್ಡ್ ತಗೊಂಡಿದ್ದೀನಿ. ಲಗ್ನಪತ್ರಿಕೆಯ ಲೆಡಿಂಗ್ 14ಕ್ಕೆ ಏರಿಸಿದ ಮೇಲೆ ಠಾವತ್ತು ಹುಡುಗನ ತಲೆ ಬಿಟ್ಟು ಇಳಿಯಿತು.